ಎಂಟು ಕೆಂಪು ತೇಪೆಗಳು



ಹೊಸದನ್ನು ಹಳೆಯದಾಗಿ ಕಾಣುವಂತೆ ಮಾಡುವ ಕಲೆಯೊಂದಿದೆ ಎಂದರೆ ನಿಮ್ಮಲ್ಲಿ ಅನೇಕರು ನಕ್ಕೀರಿ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಹಬ್ಬ ಹತ್ತಿರ ಬಂತೆಂದರೆ ದೇವಾಲಯದ ಗೋಡೆಗೆ ಸುಣ್ಣ ಹೊಡೆಸುತ್ತೇವೆ, ಸಂತರ ಸ್ವರೂಪಗಳಿಗೆ ಬಣ್ಣ ಬಳಿಸುತ್ತೇವೆ, ಪೀಠದ ಮೇಲಿನ ಹಿತ್ತಾಳೆಯ ದೀಪಸ್ತಂಭಗಳನ್ನು ಹುಣಸೆಹಣ್ಣು ಹಾಕಿ ಥಳಥಳ ಹೊಳೆಯುವವರೆಗೆ ತಿಕ್ಕುತ್ತೇವೆ. ಆದರೆ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿ ವಿಮಾನಗಳನ್ನು ಕಟ್ಟುವವರ ರೀತಿಯೇ ಬೇರೆ. ಅವರು ವಾರಗಟ್ಟಲೆ ಶ್ರಮಿಸಿ ನುಣುಪಾಗಿ ಬಣ್ಣ ಹಚ್ಚುತ್ತಾರೆ. ಅನಂತರ ಅಷ್ಟೇ ತಾಳ್ಮೆಯಿಂದ ಆ ಬಣ್ಣವನ್ನು ಮಾಸಿಸುತ್ತಾರೆ, ಕೆರೆಯುತ್ತಾರೆ, ಅದಕ್ಕೆ ಎಣ್ಣೆ ಜಿಡ್ಡನ್ನೂ ಹೊಗೆಯ ಕರಿಯನ್ನೂ ಮೆತ್ತುತ್ತಾರೆ. ಈ ಹವ್ಯಾಸದವರು ಇದನ್ನು ವೆದರಿಂಗ್ ಎನ್ನುತ್ತಾರೆ. ಬಿಸಿಲು, ಮಳೆ, ಗಾಳಿ ಮತ್ತು ಮನುಷ್ಯರ ಕೈಕಾಲುಗಳು ಒಂದು ವಸ್ತುವಿನ ಮೇಲೆ ಬಿಟ್ಟುಹೋಗುವ ಗುರುತುಗಳನ್ನು ಕುಂಚದಿಂದ ಮೂಡಿಸುವುದು ಎಂದು ಇದರ ಅರ್ಥ. ನಾನು ಮಾತ್ರ ನನ್ನಷ್ಟಕ್ಕೆ ಇದನ್ನು ‘ಸವೆತ ಬರೆಯುವುದು’ ಎಂದು ಕರೆದುಕೊಳ್ಳುತ್ತೇನೆ.

ಗುರುವಾದವನು ಯುದ್ಧವಿಮಾನವನ್ನೇಕೆ ಕಟ್ಟಬೇಕು, ಬೇಕಾದರೆ ಒಂದು ಗೋದಲಿಯನ್ನು ಕಟ್ಟಬಾರದೇ ಎಂದು ಕೇಳಿದವರಿದ್ದಾರೆ. ಗೋದಲಿಯನ್ನು ಪ್ರತಿವರ್ಷ ನಮ್ಮ ಯುವಕರು ಕಟ್ಟುತ್ತಾರೆ. ಆ ಕೆಲಸದಲ್ಲಿ ಅವರು ನನ್ನನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಆದರೆ ಪ್ರಶ್ನೆಯ ತಿರುಳು ಗೋದಲಿಯಲ್ಲಿಲ್ಲ ಎಂಬುದನ್ನು ನಾನು ಬಲ್ಲೆ. ಕೊಲ್ಲುವುದಕ್ಕೆಂದೇ ಮಾಡಿದ ಯಂತ್ರವೊಂದರ ಮೇಲೆ, ಬಲಿಪೂಜೆಯನ್ನು ಅರ್ಪಿಸುವ ಕೈಗಳು ಇಷ್ಟು ಅಕ್ಕರೆಯನ್ನು ಸುರಿಯಬಹುದೇ? ಈ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಆ ವಿಮಾನವನ್ನು ಕಟ್ಟುತ್ತಾ ಹೋದಂತೆ ಈ ಪ್ರಶ್ನೆ ನನ್ನನ್ನು ಎಲ್ಲೆಲ್ಲಿಗೆ ಕರೆದೊಯ್ದಿತು ಎಂಬುದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಮೊದಲು ಅಳತೆಯ ವಿಷಯ. ನಾನು ಕಟ್ಟಿದ್ದು 72ಕ್ಕೆ 1ರ ಪ್ರಮಾಣದ ಮಾದರಿ. ಆರು ಅಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. ರೆಕ್ಕೆಯ ತುದಿಯಿಂದ ತುದಿಗೆ 40 ಅಡಿ ಇರುವ ವಿಮಾನ 17 ಸೆಂಟಿಮೀಟರಿಗೆ ಇಳಿದು, ಚಾಚಿದ ಅಂಗೈಯ ಮೇಲೆ ಕುಳಿತುಕೊಳ್ಳುತ್ತದೆ. ಇಂತಹ ಮಾದರಿಗಳನ್ನು ಮನೆಮನೆಗೆ ಮುಟ್ಟಿಸಿದ ಏರ್‌ಫಿಕ್ಸ್ ಸಂಸ್ಥೆಯನ್ನು 1939ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ನಿಕೊಲಸ್ ಕೋವ್ ಎಂಬವರು ಹಂಗೇರಿಯಿಂದ ಬಂದ ಯೆಹೂದ್ಯರು. ಅವರು ಮೊದಲು ತಯಾರಿಸಿದ್ದು ಗಾಳಿ ತುಂಬುವ ರಬ್ಬರಿನ ಆಟಿಕೆಗಳನ್ನು, ಆಮೇಲೆ ತಲೆ ಬಾಚುವ ಬಾಚಣಿಗೆಗಳನ್ನು. 1949ರಲ್ಲಿ ಒಂದು ಟ್ರ್ಯಾಕ್ಟರಿನ ಮಾದರಿ ಬಂತು. 1953ರಲ್ಲಿ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನ. ಮಕ್ಕಳು ಟ್ರ್ಯಾಕ್ಟರನ್ನು ಬಿಟ್ಟು ವಿಮಾನದ ಹಿಂದೆ ಹೋದರು. ಪ್ರವಾದಿ ಯೆಶಾಯನು ಕಂಡ ಕನಸಿಗೆ ಇದು ತಿರುಗುಮುರುಗು ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಆದರೆ ಈ ಪುಟ್ಟ ವಿಮಾನಗಳು ಬರಿಯ ಆಟಿಕೆಗಳಾಗಿಯೇ ಉಳಿದಿರಲಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾ ವಿದ್ಯಾರ್ಥಿಗಳಿಗೆ, ಇದೇ ಪ್ರಮಾಣದಲ್ಲಿ ಮರದಿಂದ ಕೆತ್ತಿದ ಐದು ಲಕ್ಷ ವಿಮಾನಗಳು ಬೇಕೆಂದು ಕರೆಕೊಟ್ಟಿತು. ಕಾರಣ ಸರಳವಾದುದು. 35 ಅಡಿ ದೂರದಲ್ಲಿ ತೂಗುಹಾಕಿದ ಇಂತಹ ಮಾದರಿ, ಅರ್ಧ ಮೈಲಿಯಾಚೆ ಹಾರುವ ನಿಜವಾದ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ಬಾನಿನಲ್ಲಿ ಬರುತ್ತಿರುವುದು ತಮ್ಮವರೋ ಶತ್ರುಗಳೋ ಎಂಬುದನ್ನು ಸೈನಿಕರು ಅದನ್ನು ನೋಡಿ ಕಲಿಯಬೇಕಾಗಿತ್ತು. ಗುರುತು ಹಿಡಿಯುವುದು ಎಷ್ಟು ಕಷ್ಟವೆಂಬುದಕ್ಕೆ ಒಂದೇ ಉದಾಹರಣೆ ಸಾಕು: ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ, 1939ರ ಸೆಪ್ಟೆಂಬರ್ 6ರಂದು, ಬ್ರಿಟಿಷರ ಸ್ಪಿಟ್‌ಫೈರ್‌ಗಳು ಬ್ರಿಟಿಷರದೇ ಎರಡು ಹರಿಕೇನ್‌ಗಳನ್ನು ಶತ್ರುಗಳೆಂದು ಬಗೆದು ಹೊಡೆದುರುಳಿಸಿದವು. ಆ ಯುದ್ಧದಲ್ಲಿ ಮಡಿದ ಮೊದಲ ಬ್ರಿಟಿಷ್ ಯುದ್ಧವಿಮಾನ ಚಾಲಕ ಸತ್ತದ್ದು ಹೀಗೆ, ಸ್ವಂತ ಸಂಗಾತಿಗಳ ಗುಂಡಿನಿಂದ.

ನನ್ನ ಮೇಜಿಗೆ ಬಂದದ್ದು ಅದೇ ಹರಿಕೇನ್. ನಮ್ಮ ಧರ್ಮಕೇಂದ್ರದ ಮಗಳೊಬ್ಬಳು ಇಂಗ್ಲೆಂಡಿನ ಕ್ರಾಯ್ಡನ್ ಪಟ್ಟಣದಲ್ಲಿ ದಾದಿಯಾಗಿದ್ದಾಳೆ. ಕ್ರಿಸ್ತಜಯಂತಿಗೆ ಊರಿಗೆ ಬಂದಾಗ ನನ್ನ ಹವ್ಯಾಸವನ್ನು ನೆನಪಿಟ್ಟು ಒಂದು ಪೆಟ್ಟಿಗೆಯನ್ನು ತಂದುಕೊಟ್ಟಳು. ತಾನು ದಿನವೂ ಬಸ್ಸಿನಲ್ಲಿ ಹಾದುಹೋಗುವ ಹಾದಿಯಲ್ಲಿ ಹಳೆಯ ವಿಮಾನ ನಿಲ್ದಾಣದ ಕಟ್ಟಡವಿದೆಯೆಂದೂ, ಯುದ್ಧಕಾಲದಲ್ಲಿ ಈ ಜಾತಿಯ ವಿಮಾನಗಳು ಅಲ್ಲಿಂದಲೇ ಏರುತ್ತಿದ್ದುವೆಂದೂ ಹೇಳಿದಳು. ಆ ನಿಲ್ದಾಣ 1959ರಲ್ಲೇ ಮುಚ್ಚಿಹೋಗಿದೆ. ಕ್ರಾಯ್ಡನ್ನಿನಿಂದ ಹಾರಿದ ಹರಿಕೇನ್‌ಗಳಲ್ಲಿ ಒಂದರ ಹೆಸರು ಮಾತ್ರ ನನಗೆ ಮೊದಲೇ ಪರಿಚಿತವಾಗಿತ್ತು, ಏಕೆಂದರೆ ಅದು ನಮ್ಮ ಭಾರತದ ನೆಲದಲ್ಲಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಬಿದ್ದಿತ್ತು. ಅದರ ಸಂಖ್ಯೆ ಆರ್ 4118. ಕಟ್ಟಿದರೆ ಅದನ್ನೇ ಕಟ್ಟಬೇಕೆಂದು ಅಂದೇ ನಿಶ್ಚಯಿಸಿದೆ.

ಹರಿಕೇನ್ ವಿಮಾನದ ಶಿಲ್ಪಿ ಸಿಡ್ನಿ ಕ್ಯಾಮ್. ಅದು ಮೊದಲು ಹಾರಿದ್ದು 1935ರ ನವೆಂಬರ್ 6ರಂದು. 1940ರ ಬೇಸಿಗೆಯಲ್ಲಿ ಜರ್ಮನರ ವಾಯುಪಡೆ ಇಂಗ್ಲೆಂಡಿನ ಮೇಲೆ ಎರಗಿದಾಗ ಹೆಸರು ಗಳಿಸಿದ್ದು ಸುಂದರವಾದ ಸ್ಪಿಟ್‌ಫೈರ್. ಹೆಚ್ಚು ಕೆಲಸ ಮಾಡಿದ್ದು ಹರಿಕೇನ್. ಎಲ್ಲ ಊರುಗಳಲ್ಲೂ, ಎಲ್ಲ ಕುಟುಂಬಗಳಲ್ಲೂ ಹೀಗೊಬ್ಬರು ಇದ್ದೇ ಇರುತ್ತಾರೆ. ಅದರ ಕಟ್ಟಡವೂ ಹಳೆಯ ಕಾಲದ್ದು: ಮುಂಭಾಗಕ್ಕೆ ಲೋಹದ ತಗಡು, ಚಾಲಕನ ಬೆನ್ನ ಹಿಂದೆ ಉಕ್ಕಿನ ಕೊಳವೆಗಳು, ಅವುಗಳ ಮೇಲೆ ಮರದ ಪಟ್ಟಿಗಳು, ಅದರ ಮೇಲೆ ಬಿಗಿದು ಹೊದಿಸಿದ ಬಟ್ಟೆ. ಹೌದು, ಬಟ್ಟೆಯೇ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೌಕಟ್ಟಿಗೆ ಅಂಟಿಕೊಂಡು ಬರುವ ಬಿಡಿಭಾಗಗಳನ್ನು ಹರಿತವಾದ ಚಾಕುವಿನಿಂದ ಕತ್ತರಿಸಬೇಕು, ಉಪ್ಪುಕಾಗದದಿಂದ ಉಜ್ಜಬೇಕು, ನೀರಿನಂತಿರುವ ಅಂಟನ್ನು ಸಂದಿಗೆ ತಾಕಿಸಬೇಕು. ಈ ಅಂಟು ಎರಡು ತುಂಡುಗಳ ನಡುವೆ ಕುಳಿತು ಅವನ್ನು ಹಿಡಿದಿಡುವುದಿಲ್ಲ. ಎರಡರ ಅಂಚುಗಳನ್ನೂ ಕರಗಿಸಿ ಒಂದರೊಳಗೊಂದು ಬೆರೆಸಿ ತಾನು ಆರಿಹೋಗುತ್ತದೆ. ಮದುವೆಗೆ ಬರುವ ಜೋಡಿಗಳಿಗೆ ಸಿದ್ಧತೆಯ ತರಗತಿಯಲ್ಲಿ ಇದನ್ನು ಹೇಳೋಣವೆಂದು ಹಲವು ಬಾರಿ ಅಂದುಕೊಂಡಿದ್ದೇನೆ. ಕಾಕ್‌ಪಿಟ್ಟಿನೊಳಗೆ ಅಕ್ಕಿಕಾಳಿಗಿಂತ ಚಿಕ್ಕದಾದ ಹಿಡಿಕೆಗಳಿಗೆ ಬಣ್ಣ ಹಚ್ಚಬೇಕು. ಮೇಲೆ ಮುಚ್ಚಿಗೆ ಕೂತ ಮೇಲೆ ಅವು ಯಾರಿಗೂ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ಒಂದು ಅಂಗುಲದೊಳಗಿನ ಚಾಲಕನೊಬ್ಬನೂ ಇದ್ದ. ಕೈಗಳನ್ನು ತೊಡೆಯ ಮೇಲಿಟ್ಟು, ಒಳ್ಳೆಯ ಹುಡುಗನಂತೆ ಕುಳಿತಿದ್ದ.

ಸಂಜೆಯ ಜಪಸರದ ನಂತರ ನನ್ನ ಮೇಜಿನ ಬಳಿ ಬಂದು ನಿಲ್ಲುವ ಒಬ್ಬ ಹುಡುಗನಿದ್ದಾನೆ. ಏಳನೆಯ ತರಗತಿ, ಪೂಜೆಯಲ್ಲಿ ಗಂಟೆ ಬಾರಿಸುವವನು. ಚಾಲಕನನ್ನು ಕೂರಿಸೋಣವೇ ಎಂದು ಅವನು ಕೇಳಿದ. ನಮ್ಮ ವಿಮಾನ ಚಕ್ರಗಳನ್ನಿಳಿಸಿ, ಮುಚ್ಚಿಗೆಯನ್ನು ಹಿಂದಕ್ಕೆ ಸರಿಸಿ ನೆಲದ ಮೇಲೆ ನಿಂತಿದೆ, ಹಾರಾಟ ಮುಗಿಸಿ ಬಂದಿದೆ, ಆದ್ದರಿಂದ ಅವನು ಇಳಿದುಹೋಗಿದ್ದಾನೆ ಎಂದೆ. ಹುಡುಗ ಆ ಚಾಲಕನನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡ.

ಈಗ ಸವೆತದ ಕೆಲಸ. ಇದರ ಬಗ್ಗೆ ಬರೆಯಬೇಕೆಂದೇ ನಾನು ಲೇಖನಿ ಹಿಡಿದದ್ದು.

ರೆಕ್ಕೆಯ ಮೇಲ್ಭಾಗಕ್ಕೆ ಮಣ್ಣಿನ ಕಂದು ಮತ್ತು ಕಡುಹಸಿರು, ಕೆಳಭಾಗಕ್ಕೆ ತಿಳಿಹಸಿರು ಬೆರೆತ ಆಕಾಶದ ಬಣ್ಣ. ಬಣ್ಣವನ್ನು ಡಬ್ಬಿಯಲ್ಲಿರುವಂತೆಯೇ ಹಚ್ಚಿದರೆ ಪುಟ್ಟ ಮಾದರಿಯ ಮೇಲೆ ಅದು ತೀರ ಕಪ್ಪಾಗಿ ಕಾಣುತ್ತದೆ. ಕೊಂಚ ಬಿಳಿ ಬೆರೆಸಿ ತಿಳಿಯಾಗಿಸಬೇಕು. ಆಮೇಲೆ ಹೊಳಪಿನ ವಾರ್ನಿಷ್. ಅದರ ಮೇಲೆ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ವೃತ್ತಗಳು, ಅಕ್ಷರಗಳು, ಅಂಕಿಗಳು. ಆರ್ 4118ರ ಪಕ್ಕೆಯ ಮೇಲಿದ್ದ ಅಕ್ಷರಗಳು ಯು, ಪಿ, ಡಬ್ಲ್ಯೂ. ಬಳಿಕ ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕದಡಿ ಕುಂಚದ ತುದಿಯಿಂದ ಸಂದುಗೆರೆಗೆ ತಾಕಿಸಿದರೆ, ಅದು ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ. ಅಲ್ಲಿಯವರೆಗೂ ಆಟಿಕೆಯಾಗಿದ್ದದ್ದು ಆ ಕ್ಷಣದಲ್ಲಿ ಯಂತ್ರವಾಗುತ್ತದೆ. ಎಷ್ಟು ಬಾರಿ ನೋಡಿದರೂ ಬೇಸರವಾಗದ ದೃಶ್ಯ ಅದು.

ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು. ಇನ್ನು ಮುಂದೆ ಒಂದೊಂದು ಗುರುತಿಗೂ ಕಾರಣ ಬೇಕು. ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಚುಕ್ಕೆ ಎಂದರೆ ನಿಜವಾದ ವಿಮಾನದ ಮೇಲೆ ಏಳು ಸೆಂಟಿಮೀಟರಿಗೂ ಅಗಲವಾದ ಗಾಯ. ಅಷ್ಟಗಲ ಬಣ್ಣ ಎದ್ದುಹೋಗಬೇಕಾದರೆ ಅಲ್ಲಿ ಏನೋ ನಡೆದಿರಬೇಕು. ಏನು ನಡೆಯಿತು, ಯಾರಿಂದ? ಇದನ್ನು ತಿಳಿಯದೆ ಸ್ಪಂಜಿನಿಂದ ಬೆಳ್ಳಿಬಣ್ಣವನ್ನು ಎಲ್ಲೆಂದರಲ್ಲಿ ಒತ್ತುವವರು ವಿಮಾನವನ್ನು ಕಟ್ಟುತ್ತಿಲ್ಲ, ಅಲಂಕಾರ ಮಾಡುತ್ತಿದ್ದಾರೆ.

ಹರಿಕೇನಿನ ಹಿಂಭಾಗ ಬಟ್ಟೆಯೆಂದೆನಲ್ಲ, ಅಲ್ಲಿ ಬಣ್ಣ ಎಷ್ಟೇ ಮಾಸಿದರೂ ಬೆಳ್ಳಿಯ ಲೋಹ ಇಣುಕುವಂತಿಲ್ಲ. ಕೆಳಗೆ ಲೋಹವಿದ್ದರೆ ತಾನೇ? ಅಲ್ಲಿ ಬಿಸಿಲಿಗೆ ಬಿಳಿಚಿದ ಛಾಯೆ ಮಾತ್ರ ಸಲ್ಲುತ್ತದೆ. ಲೋಹ ಕಾಣಬೇಕಾದದ್ದು ಎಡ ರೆಕ್ಕೆಯ ಬುಡದಲ್ಲಿ. ಚಾಲಕ ಏರುತ್ತಿದ್ದುದು ಎಡಗಡೆಯಿಂದ. ಒಡಲಿನ ಕೆಳಗೆ ಕುದುರೆಯ ರಿಕಾಪಿನಂತಹ ಒಂದು ಮೆಟ್ಟಿಲು, ಅಲ್ಲಿಂದ ರೆಕ್ಕೆಯ ಬುಡಕ್ಕೆ, ಅಲ್ಲಿಂದ ಒಳಕ್ಕೆ. ಇಂಜಿನ್ನಿನ ಮುಚ್ಚಳಗಳ ಅಂಚುಗಳಲ್ಲೂ ಲೋಹ ಕಾಣುತ್ತದೆ, ಏಕೆಂದರೆ ಪ್ರತಿದಿನ ಅವನ್ನು ಬಿಚ್ಚಿ ಮುಚ್ಚುವ ಕೈಗಳಿದ್ದವು. ಹೊಗೆಕೊಳವೆಗಳಿಂದ ಹಿಂದಕ್ಕೆ, ಪಕ್ಕೆಯುದ್ದಕ್ಕೂ ಬೂದುಗಪ್ಪಿನ ಕಲೆ. ಇದಕ್ಕೆ ಬಣ್ಣದ ಚಾಕನ್ನು ಪುಡಿಮಾಡಿ ಒಣಕುಂಚದಿಂದ ಹಚ್ಚುತ್ತಾರೆ. ವರ್ಷವರ್ಷವೂ ಬೂದಿ ಬುಧವಾರಕ್ಕೆ ಗರಿಗಳನ್ನು ಸುಟ್ಟು ನುಣ್ಣಗೆ ಅರೆಯುವ ಅಭ್ಯಾಸವಿರುವ ನನಗೆ ಈ ಪುಡಿಯ ಸ್ವಭಾವವನ್ನು ಯಾರೂ ಕಲಿಸಬೇಕಾಗಲಿಲ್ಲ.

ನಮ್ಮಲ್ಲಿ ವಾಯುಪಡೆಯಲ್ಲಿ ವಿಮಾನಗಳ ದುರಸ್ತಿ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರು ಕೆಲಸ ಮಾಡಿದ್ದು ಹರಿಕೇನ್‌ಗಳ ಕಾಲ ಮುಗಿದ ಎಷ್ಟೋ ವರ್ಷಗಳ ಮೇಲೆ. ಆದರೂ ನೆಲದ ಕೆಲಸಗಾರನ ದೃಷ್ಟಿ ಬದಲಾಗುವುದಿಲ್ಲ. ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಬಂದಿದ್ದ, ತಲೆಯಿಂದ ಬಾಲದವರೆಗೆ ಜಿಡ್ಡು ಮೆತ್ತಿದ ಮಾದರಿಯೊಂದರ ಚಿತ್ರವನ್ನು ಅವರಿಗೆ ತೋರಿಸಿದೆ. ಅವರಿಗೆ ಕೋಪವೇ ಬಂತು. “ಇದೇನು ಫಾದರ್, ಇಷ್ಟು ಹೊಲಸು? ಹೀಗೆ ಬಿಟ್ಟಿದ್ದರೆ ನಮ್ಮನ್ನು ಉಳಿಸುತ್ತಿದ್ದರೇ? ಚಿಂದಿಬಟ್ಟೆ ಹಿಡಿದು ಒರೆಸುವುದೇ ನಮ್ಮ ಅರ್ಧ ಕೆಲಸ. ಕೊಳೆಯಿದ್ದರೆ ವೇಗ ಕಡಿಮೆ. ವೇಗ ಕಡಿಮೆಯಾದರೆ ಹೋದವನು ಬರುವುದಿಲ್ಲ,” ಎಂದರು. ಆ ಮಾತನ್ನು ಕೇಳಿದ ಮೇಲೆ ನಾನು ಹೊಗೆಯ ಕಲೆಯನ್ನು ಬರೆದು, ಅದರ ಮೇಲೆ ಒದ್ದೆ ಕುಂಚದಿಂದ ಅಡ್ಡಡ್ಡವಾಗಿ ಒರೆಸಿದ ಗುರುತನ್ನೂ ಬರೆದೆ. ವಿಮಾನ ಕರಿ ಹಿಡಿಯುತ್ತದೆ, ಯಾರೋ ಅದನ್ನು ಒರೆಸಿರುತ್ತಾರೆ, ಪೂರ್ತಿ ಹೋಗಿರುವುದಿಲ್ಲ. ಇಡೀ ಮಾದರಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದೇ. ಚಾಲಕರ ಹೆಸರುಗಳು ಪುಸ್ತಕಗಳಲ್ಲಿವೆ. ಒರೆಸಿದವರ ಹೆಸರುಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಕೊನೆಗೆ ಉಳಿದದ್ದು ರೆಕ್ಕೆಗಳ ಮುಂಅಂಚು.

ಹರಿಕೇನಿನ ಒಂದೊಂದು ರೆಕ್ಕೆಯಲ್ಲಿ ನಾಲ್ಕರಂತೆ ಎಂಟು ಬಂದೂಕುಗಳು. ಅವುಗಳ ಬಾಯಿಗೆ ಧೂಳು, ತೇವ ಹೋಗದಂತೆ, ಮೇಲಿನ ಚಳಿಯಲ್ಲಿ ಹೆಪ್ಪುಗಟ್ಟದಂತೆ, ಕೆಂಪು ಬಣ್ಣ ಹಚ್ಚಿದ ಬಟ್ಟೆಯ ತೇಪೆಗಳನ್ನು ಅಂಟಿಸುತ್ತಿದ್ದರು. ಗುಂಡು ಹಾರಿಸಿದೊಡನೆ ತೇಪೆ ಹರಿದುಹೋಗುತ್ತದೆ. ಬಂದೂಕುಗಳಲ್ಲಿದ್ದ ಗುಂಡುಗಳೆಲ್ಲ ಸೇರಿ ಸುಮಾರು 15 ಸೆಕೆಂಡುಗಳಿಗಷ್ಟೇ ಸಾಕಾಗುತ್ತಿದ್ದವು. ಒಂದು ನಮೋ ಮರಿಯ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುವಷ್ಟು ಹೊತ್ತು. ಮರಳಿ ಬರುವ ವಿಮಾನದ ತೆರೆದ ಬಂದೂಕಿನ ಬಾಯಿಗಳ ಮೇಲೆ ಗಾಳಿ ಹಾದು ಸಿಳ್ಳೆಯಂತಹ ಸದ್ದಾಗುತ್ತಿತ್ತು. ನೆಲದಲ್ಲಿ ಕಾಯುತ್ತಿದ್ದವರು ವಿಮಾನ ಕಣ್ಣಿಗೆ ಬೀಳುವ ಮುನ್ನವೇ ಆ ಸಿಳ್ಳೆಯಿಂದ, ಹೋದವನು ಗುಂಡು ಹಾರಿಸಿ ಬಂದಿದ್ದಾನೆಂದು ತಿಳಿಯುತ್ತಿದ್ದರು.

ಆದ್ದರಿಂದ ಈ ಮಾದರಿಯನ್ನು ಕಟ್ಟುವವನು ಒಂದು ತೀರ್ಮಾನ ಮಾಡಲೇಬೇಕು. ಎಂಟು ತೇಪೆಗಳು ಇಡಿಯಾಗಿರಬೇಕೋ, ಹರಿದಿರಬೇಕೋ? ಇಡಿಯಾಗಿದ್ದರೆ ಈ ವಿಮಾನ ಇಂದು ಯಾರ ಮೇಲೂ ಗುಂಡು ಹಾರಿಸಿಲ್ಲ. ಹರಿದಿದ್ದರೆ ಹಾರಿಸಿದೆ. ನಡುವಿನ ದಾರಿಯಿಲ್ಲ. ಇಡಿಯಾದ ತೇಪೆ ಎಂದರೆ ಎಂಟು ಚೊಕ್ಕ ಕೆಂಪು ಚೌಕಗಳು, ಕಣ್ಣಿಗೂ ಅಂದ. ಹರಿದದ್ದೆಂದರೆ ಎಂಟು ಕಪ್ಪು ತೂತುಗಳು, ಅಂಚಿನಲ್ಲಿ ಕೆಂಪು ಎಳೆಗಳು, ರೆಕ್ಕೆಯ ಕೆಳಗೆ ಹಿಂದಕ್ಕೆ ಹರಿದ ಮದ್ದಿನ ಮಸಿ. ನಾಲ್ಕು ದಿನ ನಾನು ಆ ರೆಕ್ಕೆಯನ್ನು ಮುಟ್ಟಲಿಲ್ಲ.

“ಹರೀರಿ ಫಾದರ್, ಫೈಟ್ ಮಾಡಿರೋ ಪ್ಲೇನು!” ಎಂದ ಹುಡುಗ. ಉರುಳಿಸಿದ ವಿಮಾನಗಳ ಲೆಕ್ಕಕ್ಕೆ ಕಿಟಕಿಯ ಕೆಳಗೆ ಐದು ಗುರುತುಗಳನ್ನು ಹಾಕಬೇಕೆಂದೂ ಹಠ ಹಿಡಿದ. ಆರ್ 4118 ಕ್ರಾಯ್ಡನ್ನಿನಿಂದ 49 ಬಾರಿ ಹಾರಿತ್ತು, ಐದು ಶತ್ರುವಿಮಾನಗಳ ಪತನದಲ್ಲಿ ಅದಕ್ಕೆ ಪಾಲಿತ್ತು ಎಂಬುದನ್ನು ನಾನೇ ಅವನಿಗೆ ಹೇಳಿದ್ದೆ. ಒಂದೊಂದು ವಿಮಾನದಲ್ಲಿ ಎಷ್ಟು ಜನರಿದ್ದರು ಎಂದು ಕೇಳಿದೆ. ಅವನು ಅದನ್ನು ಯೋಚಿಸಿರಲಿಲ್ಲ. ಒಬ್ಬನೇ ಕೂರುವ ವಿಮಾನಗಳಿದ್ದವು, ಬಾಂಬು ಹಾಕುವ ದೊಡ್ಡ ವಿಮಾನಗಳಲ್ಲಿ ನಾಲ್ಕೈದು ಮಂದಿಯೂ ಇರುತ್ತಿದ್ದರು ಎಂದೆ. ಬೆಂಕಿಪೊಟ್ಟಣವನ್ನು ತೆರೆದು ತನ್ನ ಚಾಲಕನನ್ನು ಒಮ್ಮೆ ನೋಡಿದ. ಗುರುತುಗಳ ಮಾತನ್ನು ಮತ್ತೆ ಎತ್ತಲಿಲ್ಲ.

ಓದುಗರೇ, ಆ ಯುದ್ಧದಲ್ಲಿ ಎರಡು ಪಕ್ಷಗಳೂ ಸಮಾನವಾಗಿದ್ದುವು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಳ್ಳು ಔದಾರ್ಯ. ಹಿಟ್ಲರನ ರಾಜ್ಯ ಬ್ರಿಟನ್ನನ್ನೂ ನುಂಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ; ನುಂಗಿದ ದೇಶಗಳಲ್ಲಿ ಯೆಹೂದ್ಯರಿಗೆ ಏನಾಯಿತೆಂಬುದು ನಮಗೆ ಗೊತ್ತಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಇಡೀ ನಗರಗಳನ್ನು ವಿವೇಚನೆಯಿಲ್ಲದೆ ನಾಶಪಡಿಸುವುದನ್ನು ದೇವರಿಗೂ ಮನುಷ್ಯನಿಗೂ ಎಸಗಿದ ಅಪರಾಧವೆಂದು ಖಂಡಿಸಿತು. ಅದೇ ದಸ್ತಾವೇಜು, ಶಾಂತಿಯ ಎಲ್ಲ ದಾರಿಗಳೂ ಮುಗಿದ ಮೇಲೆ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕನ್ನು ರಾಷ್ಟ್ರಗಳಿಗೆ ನಿರಾಕರಿಸಲಿಲ್ಲ. ಗುರುಮಠದಲ್ಲಿ ನೀತಿಶಾಸ್ತ್ರದ ಪಾಠವಾಗಿ ಇದನ್ನು ಓದುವಾಗ ಎರಡು ವಾಕ್ಯಗಳೂ ಒಂದೇ ಪುಟದಲ್ಲಿ ನೆಮ್ಮದಿಯಾಗಿ ಇರುತ್ತವೆ. ಕುಂಚ ಹಿಡಿದು ರೆಕ್ಕೆಯ ಮುಂದೆ ಕುಳಿತಾಗ ಅಷ್ಟು ನೆಮ್ಮದಿಯಿಲ್ಲ.

ಅದೇ ಬೇಸಿಗೆಯಲ್ಲಿ, ಅದೇ ಜಾತಿಯ ವಿಮಾನವನ್ನು ಹಾರಿಸಿದವರಲ್ಲಿ ಪೋಲೆಂಡಿನ ಯುವಕರೂ ಇದ್ದರು. ತಮ್ಮ ದೇಶ ಬಿದ್ದ ಮೇಲೆ ಬ್ರಿಟನ್ನಿಗೆ ತಪ್ಪಿಸಿಕೊಂಡು ಬಂದವರು. ಬಹುಪಾಲು ನಮ್ಮಂತೆಯೇ ಕಥೋಲಿಕರು. ಅವರ 303ನೆಯ ದಳ 126 ಶತ್ರುವಿಮಾನಗಳನ್ನು ಉರುಳಿಸಿದುದಾಗಿ ಲೆಕ್ಕ ಕೊಟ್ಟಿತು. ಅವರಿಗಾಗಿ ವಿಲ್ನೋ ನಗರದಲ್ಲಿ ಕೆಲವು ಮಹಿಳೆಯರು 1940ರಲ್ಲಿ ಗುಟ್ಟಾಗಿ ಒಂದು ಧ್ವಜವನ್ನು ಕಸೂತಿ ಹಾಕಿದರು. ಶತ್ರುಗಳ ಕಣ್ಣು ತಪ್ಪಿಸಿ ಅದು ಮರುವರ್ಷ ಇಂಗ್ಲೆಂಡನ್ನು ಮುಟ್ಟಿತು. ಅದರ ಒಂದು ಬದಿಯಲ್ಲಿ ಆ ಊರಿನ ಹೆಬ್ಬಾಗಿಲ ಮಾತೆ ಮರಿಯಮ್ಮನವರ ಚಿತ್ರ. ಇನ್ನೊಂದು ಬದಿಯಲ್ಲಿ, ನಂಬುತ್ತೀರಾ, ನಮ್ಮ ಮನೆಮನೆಯ ಗೋಡೆಯ ಮೇಲೆ ಗುಲಾಬಿಗಳನ್ನು ಅಪ್ಪಿಕೊಂಡು ನಿಂತಿರುವ ಲಿಸಿಯದ ಸಂತ ಚಿಕ್ಕ ತೆರೇಸಮ್ಮನವರು. ಪ್ರೀತಿ ಬಲಿದಾನವನ್ನು ಬೇಡುತ್ತದೆ ಎಂಬ ಅರ್ಥದ ಮಾತನ್ನು ಅದರ ಮೇಲೆ ಹೊಲಿದಿದ್ದರು. ಮಠದ ಹೊಸ್ತಿಲು ದಾಟದೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಹೋದ ಆ ಕನ್ಯಾಸ್ತ್ರೀ ಯುದ್ಧವಿಮಾನಗಳ ಧ್ವಜದ ಮೇಲೆ! ಮೊದಲು ಓದಿದಾಗ ನನಗೆ ಇರುಸುಮುರುಸಾಯಿತು. ಆ ಹೆಂಗಸರ ಸ್ಥಾನದಲ್ಲಿ ನಿಂತು ಯೋಚಿಸಿದಾಗ ಹಾಗನ್ನಿಸುವುದಿಲ್ಲ. ಅವರು ಸೂಜಿಯಿಂದ ಕೇಳಿಕೊಂಡದ್ದು ಗೆಲುವನ್ನಲ್ಲ, ಮಕ್ಕಳನ್ನು ಎಂದು ನನ್ನ ಊಹೆ.

ಹರಿಕೇನಿನ ಒಂದು ಇಂಧನದ ತೊಟ್ಟಿ ಚಾಲಕನ ಎದುರಿಗೇ ಇತ್ತು. ಅದಕ್ಕೆ ಬೆಂಕಿ ಬಿದ್ದರೆ ಮುಖ ಮತ್ತು ಕೈಗಳು ಕೆಲವೇ ಸೆಕೆಂಡುಗಳಲ್ಲಿ ಬೆಂದುಹೋಗುತ್ತಿದ್ದವು. ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ಶಸ್ತ್ರವೈದ್ಯರು ಹೀಗೆ ಬೆಂದ ಹುಡುಗರಿಗೆ ಹೊಸ ರೆಪ್ಪೆ, ಹೊಸ ಮೂಗು, ಹೊಸ ತುಟಿಗಳನ್ನು ಕೂಡಿಸಿದರು. ಒಬ್ಬೊಬ್ಬನಿಗೆ ಹತ್ತಾರು ಶಸ್ತ್ರಚಿಕಿತ್ಸೆಗಳು. ವೈದ್ಯರು ಇನ್ನೊಂದು ಕೆಲಸವನ್ನೂ ಮಾಡಿದರು: ಊರಿನವರ ಬಳಿ ಹೋಗಿ, ಈ ಹುಡುಗರು ಬೀದಿಗೆ ಬಂದಾಗ ದಿಟ್ಟಿಸಿ ನೋಡಬೇಡಿ, ಮುಖ ತಿರುಗಿಸಲೂ ಬೇಡಿ, ಊಟಕ್ಕೆ ಕರೆಯಿರಿ, ಮಾತನಾಡಿಸಿ ಎಂದು ಕೇಳಿಕೊಂಡರು. ಊರು ಹಾಗೆಯೇ ನಡೆದುಕೊಂಡಿತು. ದಿಟ್ಟಿಸದ ಊರು ಎಂದು ಅದಕ್ಕೆ ಹೆಸರಾಯಿತು. ಮ್ಯಾಕಿಂಡೋ ಅವರ ರೋಗಿಗಳು 1941ರಲ್ಲಿ ಕಟ್ಟಿಕೊಂಡ ಸಂಘದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 649 ಮಂದಿ ಸದಸ್ಯರಿದ್ದರು. ಮಾದರಿಯನ್ನು ಕಟ್ಟುವವನ ಬಣ್ಣದ ಡಬ್ಬಿಗಳಲ್ಲಿ ಈ ಸವೆತಕ್ಕೆ ಬಣ್ಣವಿಲ್ಲ.

ಐದನೆಯ ದಿನ ಬೆಳಗಿನ ಪೂಜೆ ಮುಗಿಸಿ ಬಂದು, ಎಂಟೂ ತೇಪೆಗಳನ್ನು ಹರಿದಂತೆ ಬರೆದೆ. 49 ಬಾರಿ ಹಾರಿದ ವಿಮಾನದ ಪಕ್ಕೆಗೆ ಹೊಗೆಯನ್ನೂ ಬುಡಕ್ಕೆ ಬೂಟಿನ ಗುರುತನ್ನೂ ಬರೆದು, ಬಂದೂಕಿನ ಬಾಯಿಯನ್ನು ಮಾತ್ರ ಮುಗ್ಧವಾಗಿ ಮುಚ್ಚಿಡುವುದು ನನ್ನಿಂದಾಗಲಿಲ್ಲ. ಉಳಿದದ್ದನ್ನೆಲ್ಲ ಹೇಳಿ ಒಂದನ್ನು ಮರೆಮಾಡುವ ನಿವೇದನೆಯನ್ನು ಯಾವ ಗುರುವೂ ಮೆಚ್ಚುವುದಿಲ್ಲ.

ನಿಜವಾದ ಆರ್ 4118ರ ಮುಂದಿನ ಕಥೆಯನ್ನು ಹೇಳುತ್ತೇನೆಂದಿದ್ದೆ. 1943ರ ಕೊನೆಯಲ್ಲಿ ಅದನ್ನು ಹಡಗಿನಲ್ಲಿ ಭಾರತಕ್ಕೆ ಕಳುಹಿಸಿದರು. ಯುದ್ಧ ಮುಗಿಯಿತು, ಯಾರಿಗೂ ಬೇಡವಾಯಿತು. 1947ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೋಡಿ ಕಲಿಯಲೆಂದು ಕೊಟ್ಟುಬಿಟ್ಟರು. ಕೊಲ್ಲಲು ಹುಟ್ಟಿದ ಯಂತ್ರ ಪಾಠೋಪಕರಣವಾಯಿತು. ಯೆಶಾಯನ ಕನಸು ಈ ಒಂದು ಸಲವಾದರೂ ಸರಿಯಾದ ದಿಕ್ಕಿಗೆ ತಿರುಗಿತು ಎನ್ನಬೇಕು. ಆಮೇಲೆ ಪಾಠಕ್ಕೂ ಹಳತಾಗಿ, ಆವರಣದ ಬಯಲಿನಲ್ಲಿ ಕಾಶಿಯ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿತು. ನಾವು ಕುಂಚದಿಂದ ಒಂದು ವಾರದಲ್ಲಿ ಬರೆಯುವುದನ್ನು ಅಲ್ಲಿ ಹವೆ ದಶಕಗಟ್ಟಲೆ ಅವಸರವಿಲ್ಲದೆ ಬರೆಯಿತು. 1982ರಲ್ಲಿ ಪೀಟರ್ ವ್ಯಾಚರ್ ಎಂಬ ಇಂಗ್ಲಿಷ್ ಗೃಹಸ್ಥರು ಅದನ್ನು ಕಂಡರು. ಕೊಂಡುಕೊಳ್ಳಲು ಅವರಿಗೆ ಸಾಧ್ಯವಾದದ್ದು 2001ರಲ್ಲಿ. ನಮ್ಮ ದೇಶದ ಕಡತಗಳ ನಡಿಗೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆಮೇಲೆ ಅದನ್ನು ಇಂಗ್ಲೆಂಡಿಗೆ ಒಯ್ದು, ತುಕ್ಕು ತೆಗೆದು, ಹೊಸ ಬಟ್ಟೆ ಹೊದಿಸಿ, 1940ರ ಅಕ್ಷರಗಳನ್ನೇ ಮತ್ತೆ ಬರೆದು, 2004ರ ಡಿಸೆಂಬರಿನಲ್ಲಿ ಹಾರಿಸಿದರು. ಯುದ್ಧಕಾಲದಲ್ಲಿ ಅದನ್ನು ಹಾರಿಸಿದ್ದ ಬಾಬ್ ಫಾಸ್ಟರ್ ಆಗ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 2014ರಲ್ಲಿ.

ಮಾದರಿ ಪೂರ್ತಿಯಾದದ್ದು ಅಕ್ಟೋಬರ್ ತಿಂಗಳಲ್ಲಿ. ಸಕಲ ಮೃತರ ದಿನದ ಪೂಜೆಗಳಿಗೆ ಹೆಸರು ಬರೆಸಲು ಜನ ಗುರುನಿವಾಸಕ್ಕೆ ಬರುವ ಕಾಲ ಅದು. ಗಡಿಯಲ್ಲಿ ಸೈನಿಕನಾಗಿದ್ದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಪ್ರತಿವರ್ಷದಂತೆ ಬಂದರು. ಮಗ ಹೋಗಿ ಇಪ್ಪತ್ತು ವರ್ಷ ದಾಟಿದೆ. ನಾನು ಪುಸ್ತಕವನ್ನು ಹುಡುಕುತ್ತಿರುವಾಗ ಅವರು ಮೇಜಿನ ಮೇಲಿದ್ದ ವಿಮಾನದ ಹತ್ತಿರ ಬಾಗಿ ನಿಂತಿದ್ದರು. ಮುಟ್ಟಲಿಲ್ಲ.

“ಇದ್ಯಾಕೆ ಸ್ವಾಮಿ, ಇಲ್ಲೆಲ್ಲ ಹರಿದದೆ?” ಎಂದು ರೆಕ್ಕೆಯ ಅಂಚನ್ನು ತೋರಿಸಿದರು.

ಹೇಳಿದೆ. ಗುಂಡು ಹಾರಿಸಿದರೆ ಆ ಬಟ್ಟೆ ಹರಿಯುತ್ತದೆ ಎಂದೆ.

ಸ್ವಲ್ಪ ಹೊತ್ತು ನೋಡಿದರು. “ಅಂದ್ರೆ ಆ ಕಡೇಲೂ ಯಾರೋ ಒಬ್ಬ ಹೋಗಿರ್ತಾನೆ.”

“ಹೌದಮ್ಮ.”

“ನಮ್ಮ ಹುಡುಗನ ಕೈಲೂ ಕೋವಿ ಇತ್ತಲ್ಲ ಸ್ವಾಮಿ.”

ನಾನು ಏನೂ ಹೇಳಲಿಲ್ಲ. ಪುಸ್ತಕ ತೆರೆದು, ನವೆಂಬರ್ 2, ಬೆಳಗಿನ ಆರೂವರೆಯ ಪೂಜೆ ಎಂದಿರುವಲ್ಲಿ ಅವರ ಮಗನ ಹೆಸರನ್ನು ಬರೆದೆ. ಅವರು ಬೆರಳಿಟ್ಟು ಅದರ ಕೆಳಗಿನ ಗೆರೆಯನ್ನು ತೋರಿಸಿ, ಅಲ್ಲಿ ಇನ್ನೊಂದು ಬರೆದುಕೊಳ್ಳಿ ಎಂದರು. ಹೆಸರೇನೆಂದು ಬರೆಯಲಿ ಎಂದು ಕೇಳಿದೆ.

“ಹೆಸರು ನಮಗೇನು ಗೊತ್ತು? ಆ ಕಡೆಯವನು ಅಂತ ಬರೀರಿ.”

ಹಾಗೆಯೇ ಬರೆದೆ. ಸೆರಗಿನ ಗಂಟನ್ನು ಬಿಚ್ಚಿ ಎರಡು ಹೆಸರಿನ ಕಾಣಿಕೆಯನ್ನು ಎಣಿಸಿ ಮೇಜಿನ ಮೇಲಿಟ್ಟರು. ಒಂದೇ ಪೂಜೆ ತಾನೇ, ಒಂದರದ್ದು ಸಾಕೆಂದು ಅರ್ಧವನ್ನು ಹಿಂದಕ್ಕೆ ಸರಿಸಿದೆ. ಅವರು ತೆಗೆದುಕೊಳ್ಳಲಿಲ್ಲ.